ಲಾಟು ಅಂದರೆ ಎಷ್ಟು?

ಆ ಮೆಸೇಜು ಬಂದಾಗ ನಮ್ಮಲ್ಲೊಬ್ಬ ಒಂಬತ್ತನೇ ಕ್ಲಾಸು. ಚನ್ನರಾಯಪಟ್ಟಣದಿಂದ ಒಳಗೆ ಏಳೆಂಟು ಕಿಲೋಮೀಟರ್ ದೂರದ ಊರು. ಅಪ್ಪನಿಗೆ ನಾಲ್ಕು ದಿನದಿಂದ ಜ್ವರ. ಚಂದ್ರಿಕೆಯಿಂದ ಗೂಡು ಬಿಡಿಸಿ ಆಗಿತ್ತು. ರೇಷ್ಮೆ ಬೆಳೆದವರಿಗೆ ಗೊತ್ತು, ಬಿಡಿಸಿದ ಗೂಡನ್ನು ಮನೆಯಲ್ಲಿಟ್ಟುಕೊಂಡು ಕೂರೋಕಾಗಲ್ಲ. ದಿನ ಕಳೆದ ಹಾಗೆ ತೂಕ ಇಳಿಯುತ್ತೆ, ಇನ್ನೂ ಬಿಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೇ ಬಂದುಬಿಡುತ್ತೆ. ಹಾಗಾಗಿ ಪಕ್ಕದ ಮನೆಯವರು ತಮ್ಮ ಗೂಡಿನ ಜೊತೆ ಇವರದ್ದನ್ನೂ ರಾತ್ರಿಯೇ ಗೂಡ್ಸ್ ಆಟೋಗೆ ಏರಿಸಿಕೊಂಡು ಹೋದರು. ಮಾರುಕಟ್ಟೆಯಲ್ಲಿ ಬರೆಸಿದ್ದು ಮಾತ್ರ ಅಪ್ಪನ ಮೊಬೈಲ್ ನಂಬರು.

ಮಧ್ಯಾಹ್ನ ಆ ಮೊಬೈಲು ಕುಂಯ್ ಅಂದಿತು. ಅಪ್ಪ ಹಾಸಿಗೆಯಿಂದಲೇ ಕೇಳಿದರು, ‘ಎಷ್ಟಕ್ಕೆ ಕೂಗವ್ರೆ ನೋಡ್ಲಾ.’

ಮೆಸೇಜಿನಲ್ಲಿ ಇದ್ದದ್ದು ಇಂಗ್ಲಿಷಿನ ಮೊಟಕು ಪದಗಳು, ನಡುವೆ ಒಂದಷ್ಟು ಸಂಖ್ಯೆಗಳು. ಹುಡುಗನಿಗೆ ಪೂರ್ತಿ ಗುರುತು ಸಿಕ್ಕಿದ ಪದ ಒಂದೇ: ಲಾಟ್. ಅದರ ಮುಂದೆ 412. ಇನ್ನೊಂದು ಕಡೆ 268. ‘ಎ ಲಾಟ್ ಆಫ್ ಅಂದರೆ ತುಂಬಾ, ಬಹಳ’ ಅಂತ ಇಸ್ಕೂಲಲ್ಲಿ ಹತ್ತು ಸಲ ಬರೆಸಿದ್ದರು. ಅವನ ಲೆಕ್ಕ ಸರಳವಾಗಿತ್ತು.

‘ಜಾಸ್ತಿ ಅಂದ್ರೆ 412 ಅಂತೈತೆ ಕಣಪ್ಪ. 268 ಅಂತ್ಲೂ ಐತೆ, ಅದು ಕಡಿಮೇದು ಇರ್ಬೇಕು.’

ಆ ವಾರ ಗೂಡು ಮುನ್ನೂರರ ಆಸುಪಾಸಲ್ಲಿ ಇತ್ತು. ಅಪ್ಪ ಜ್ವರದಲ್ಲೇ ಎದ್ದು ಕೂತರು. ಅಷ್ಟರಲ್ಲಿ ಪಕ್ಕದ ಮನೆಯವರ ಫೋನು: ‘ಏನ್ಮಾಡಣ, ಒಪ್ಕೊಳ್ಳದಾ, ಇನ್ನೊಂದು ಸಲ ಕೂಗ್ಸದಾ?’ ಅಪ್ಪ ಅಂದರು, ‘ಒಪ್ಕೊಂಬುಡಣ್ಣ, ಇನ್ನೇನು ಬೇಕು.’ ಅವರಿಗೂ ತಮ್ಮ ಗೂಡಿನ ಗಡಿಬಿಡಿ. ಇವನಿಗೆ ಏನೋ ದುಡ್ಡಿನ ಅವಸರ ಇರಬೇಕು ಅಂದುಕೊಂಡು ತಲೆ ಆಡಿಸಿ ಬಂದರು.

ಸಂಜೆ ಚೀಟಿ ಮನೆಗೆ ಬಂತು. 74 ಕೆಜಿ, ಕೆಜಿಗೆ 268 ರೂಪಾಯಿ. 412 ಅನ್ನೋದು ಗೂಡಿನ ಬೆಲೆ ಆಗಿರಲಿಲ್ಲ. ಅದು ಗೂಡಿನ ಗುಡ್ಡೆಗೆ ಕೊಟ್ಟ ನಂಬರು. ಪಕ್ಕದ ಮನೆಯವರ ಗೂಡು, ಅದೇ ಮೊಟ್ಟೆ, ಅದೇ ಚಾಕಿ, ಎರಡನೇ ಸಲ ಕೂಗಿಸಿದ್ದಕ್ಕೆ 305ಕ್ಕೆ ಹೋಗಿತ್ತು. ಅಮ್ಮ ಕೈಬೆರಳಲ್ಲಿ ಲೆಕ್ಕ ಹಾಕಿದರು. ಎರಡು ಸಾವಿರದ ಏಳುನೂರು ಚಿಲ್ಲರೆ. ಚಾಕಿ ಕಟ್ಟಿಸಿದ ಸಾಲಕ್ಕೆ ಕೊಡಬೇಕಾದ್ದು ಹೆಚ್ಚೂಕಡಿಮೆ ಅಷ್ಟೇ.

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು: ‘ಇಸ್ಕೂಲಲ್ಲಿ ಲಾಟು ಅಂದ್ರೆ ಏನು ಅಂತ ಹೇಳ್ಕೊಟ್ಟವ್ರೆ?’

‘ತುಂಬಾ ಅಂತ.’

‘ಹೂಂ’ ಅಂದು ಮುದ್ದೆ ಮುರಿದರು.

ನಾವು ನಾಲ್ಕು ಜನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬರು. ಪತ್ರಿಕೋದ್ಯಮ ಓದುವಾಗ ಒಂದೇ ರೂಮಿನಲ್ಲಿದ್ದೆವು. ಇಂಗ್ಲಿಷ್ ಪರೀಕ್ಷೆಯ ಹಿಂದಿನ ರಾತ್ರಿ ವ್ಯಾಕರಣ ಓದುತ್ತಿದ್ದಾಗ ‘ಲಾಟ್’ ಬಂತು. ಆಗ ಚನ್ನರಾಯಪಟ್ಟಣದವನು ಈ ಕತೆ ಹೇಳಿದ. ನಕ್ಕೆವು, ಆಮೇಲೆ ನಗು ನಿಂತಿತು. ಯಾಕೆಂದರೆ ಉಳಿದ ಮೂವರ ಮನೆಯಲ್ಲೂ ಆ ಪದ ಒಂದಲ್ಲ ಒಂದು ರೀತಿಯಲ್ಲಿ ನುಗ್ಗಿತ್ತು. ಅಂದಿನಿಂದ ಎಲ್ಲಿ ಹೋದರೂ ಈ ಪದ ಕಿವಿಗೆ ಬಿದ್ದರೆ ಬರೆದಿಟ್ಟುಕೊಳ್ಳುವುದು ಅಭ್ಯಾಸ ಆಗಿದೆ. ಇವತ್ತು ಅದನ್ನೆಲ್ಲ ನಿಮ್ಮ ಮುಂದೆ ಸುರಿಯುತ್ತಿದ್ದೇವೆ.

ಮೊದಲು ಹಾಸನದ ಮಾತು. ಹಾಸನ ಅಂದರೆ ಆಲೂಗೆಡ್ಡೆ ಅನ್ನೋ ಕಾಲ ಒಂದಿತ್ತು. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಲಾರಿಗಟ್ಟಲೆ ಬಂದು ಎಪಿಎಂಸಿ ಅಂಗಳದಲ್ಲಿ ಇಳಿಯುತ್ತಿತ್ತು. ಕುಫ್ರಿ ಜ್ಯೋತಿ ತಳಿ, ಐವತ್ತು ಕೆಜಿ ಚೀಲ. ಒಂದೆರಡು ಮಳೆ ಬಿದ್ದ ಮೇಲೆ ಬಿತ್ತನೆ, ಆಗಸ್ಟ್ ಸೆಪ್ಟೆಂಬರಿಗೆ ಕೀಳೋದು. ಅಂಗಮಾರಿ ರೋಗ ಬಂದು ಬಂದು ಎಷ್ಟೋ ಜನ ಕೈಬಿಟ್ಟರು, ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ಬಿತ್ತನೆ ಗೆಡ್ಡೆ ಕೊಳ್ಳುವಾಗ ಹಿರಿಯರು ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡುತ್ತಾ ‘ಇದು ಯಾವ ಲಾಟು?’ ಅಂತ ಕೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಎಷ್ಟು ಅನ್ನೋ ಉತ್ತರ ಅಲ್ಲ. ಯಾವ ಲಾರಿಯಲ್ಲಿ, ಯಾವತ್ತು, ಯಾರ ಮಾಲಿನ ಜೊತೆ ಬಂದದ್ದು ಅನ್ನೋದು. ಪಕ್ಕದೂರಲ್ಲಿ ಮೊಳಕೆ ಕೊಳೆತು ಹೋಯಿತು ಅಂತ ಸುದ್ದಿ ಬಂದರೆ ಮೊದಲ ಪ್ರಶ್ನೆಯೇ ‘ನಮ್ಮದೂ ಅದೇ ಲಾಟಾ?’

ಅಂದರೆ ನಮ್ಮ ಅಜ್ಜಂದಿರಿಗೆ ಆ ಪದದ ಅರ್ಥ ಸರಿಯಾಗಿ ಗೊತ್ತಿತ್ತು. ಇಂಗ್ಲಿಷ್ ಓದಿದ ನಮಗೆ ಗೊತ್ತಿರಲಿಲ್ಲ.

ಲಾಟು ಅಂದರೆ ಒಟ್ಟಿಗೆ ಎಣಿಸಬೇಕಾದ, ಒಟ್ಟಿಗೆ ಮಾರಬೇಕಾದ ಒಂದು ಗುಂಪು. ಅದಕ್ಕೆ ತೂಕ ಇಲ್ಲ. ಸೇರು, ಕೊಳಗ, ಪಲ್ಲ, ಖಂಡುಗ ಇವಕ್ಕೆಲ್ಲ ಒಂದು ಅಳತೆ ಇತ್ತು. ಶುಂಠಿ ಚೀಲಕ್ಕೆ ಅರವತ್ತು ಕೆಜಿ ಅನ್ನೋ ಲೆಕ್ಕ ಇದೆ. ಲಾಟಿಗೆ ಹಾಗಿಲ್ಲ. ನೂರು ಮೂಟೆಯದ್ದೂ ಒಂದು ಲಾಟು, ಎರಡು ಮೂಟೆಯದ್ದೂ ಒಂದು ಲಾಟು. ನಮ್ಮ ಕಡೆ ‘ಲೋಡು’ ಇದ್ದ ಹಾಗೆ ಅನ್ನಬಹುದು. ಒಂದು ಲೋಡು ಗೊಬ್ಬರ ಅಂದರೆ ಟ್ರ್ಯಾಕ್ಟರ್ ಯಾರದ್ದು, ಪಕ್ಕಕ್ಕೆ ಹಲಗೆ ಎಷ್ಟು ಎತ್ತರ ಕಟ್ಟಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ. ಆದರೆ ಲೋಡಿನಲ್ಲಿ ಮೋಸ ಆದರೆ ಕಣ್ಣಿಗೆ ಕಾಣುತ್ತೆ. ಲಾಟಿನಲ್ಲಿ ಆಗೋದು ಕಾಣಲ್ಲ.

ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಅಂತ ಬಂತು. ಹಳೆಯ ಕೂಗು, ಟವೆಲ್ಲಿನ ಒಳಗೆ ಬೆರಳು ಹಿಡಿಯೋದು, ಚೀಟಿ ಟೆಂಡರು ಇವುಗಳ ಜಾಗಕ್ಕೆ ಕಂಪ್ಯೂಟರ್ ಟೆಂಡರು. ರೈತ ತಂದ ಮಾಲಿಗೆ ಒಂದು ಲಾಟ್ ನಂಬರ್ ಬೀಳುತ್ತೆ. ವರ್ತಕರು ಅಂಗಳಕ್ಕೆ ಬಂದು ಮಾಲು ನೋಡಿ, ಆ ನಂಬರಿಗೆ ಬೆಲೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೆ ಗೊತ್ತಾಗಲ್ಲ. ಬೆಲೆ ಒಪ್ಪಿಗೆ ಆಗದಿದ್ದರೆ ಬೇಡ ಅನ್ನೋ ಹಕ್ಕು ರೈತನಿಗೆ ಇದೆ. ಈ ಹಕ್ಕನ್ನು ಚಲಾಯಿಸಬೇಕು ಅಂದರೆ ಮೊದಲು ಯಾವುದು ನಂಬರು, ಯಾವುದು ಬೆಲೆ ಅಂತ ಗೊತ್ತಿರಬೇಕು, ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಾಸನದವಳ ಮನೆಯಲ್ಲಿ ಒಂದು ವರ್ಷ ಹನ್ನೊಂದು ಮೂಟೆ ಜೋಳ ಆಗಿತ್ತು. ಚಿಕ್ಕಪ್ಪನದ್ದು ಒಂಬತ್ತು. ಗಾಡಿ ಬಾಡಿಗೆ ಉಳಿಯಲಿ ಅಂತ ಒಟ್ಟಿಗೆ ಹಾಕಿಕೊಂಡು ಹೋದರು. ಒಂದು ಮಂಡಿಯಲ್ಲಿ ಇಳಿಸಿದಾಗ ಎರಡನ್ನೂ ಸೇರಿಸಿ ಒಂದೇ ಲಾಟು ಮಾಡಿದರು. ಕೇಳಿಯೇ ಮಾಡಿದರಂತೆ. ‘ದೊಡ್ಡ ಲಾಟಾದ್ರೆ ಒಳ್ಳೆ ರೇಟು ಬತ್ತದೆ’ ಅಂದರಂತೆ. ಆ ಮಾತು ಪೂರ್ತಿ ಸುಳ್ಳಲ್ಲ. ಎರಡು ಮೂಟೆಯ ಸಣ್ಣ ಲಾಟಿಗೆ ದೊಡ್ಡ ವರ್ತಕ ತಲೆ ಕೆಡಿಸಿಕೊಳ್ಳಲ್ಲ. ಆದರೆ ಚಿಕ್ಕಪ್ಪನ ಜೋಳ ಮಳೆಗೆ ಸಿಕ್ಕಿ ತೇವ ಹಿಡಿದಿತ್ತು. ವರ್ತಕ ಕೈ ಹಾಕಿದ್ದು ಆ ಮೂಟೆಗೇ. ಇಪ್ಪತ್ತು ಮೂಟೆಗೂ ತೇವದ ಜೋಳದ ಬೆಲೆ ಬಂತು. ಅಣ್ಣ ತಮ್ಮ ಎರಡು ತಿಂಗಳು ಮಾತಾಡಲಿಲ್ಲ. ಲಾಟು ಒಡೆಯೋದು ಸುಲಭ, ಮನೆ ಸೇರಿಸೋದು ಕಷ್ಟ ಅಂತ ಅಜ್ಜಿ ಅಂದಿದ್ದು ಅವಳಿಗೆ ಇನ್ನೂ ನೆನಪಿದೆ. ಮಾಲು ಒಂದೇ ಗುಣದ್ದಾದರೆ ಸೇರಿಸಿ, ಇಲ್ಲದಿದ್ದರೆ ಬೇರೆ ಲಾಟು ಮಾಡಿಸಿ. ಹೇಳೋಕೆ ಎರಡು ಸಾಲು, ಅಲ್ಲಿ ಹಮಾಲರು ಅವಸರ ಮಾಡುವಾಗ ಹೇಳೋದು ಅಷ್ಟು ಸುಲಭ ಅಲ್ಲ, ನಮಗೂ ಗೊತ್ತು.

ಅರಕಲಗೂಡಿನವನು ಇದನ್ನೆಲ್ಲ ಕೇಳಿ, ನಮ್ಮಲ್ಲಿ ಈ ತಾಪತ್ರಯ ಇಲ್ಲ ಅಂದ. ಅವರದ್ದು ಹೊಗೆಸೊಪ್ಪು. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಲೆಕ್ಕ ಎಲ್ಲ ಬೇಲಿನಲ್ಲಿ. ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ, ಗುಣ ನೋಡಿ ಬೇರೆ ಬೇರೆ ಮಾಡಿ ಬೇಲು ಕಟ್ಟುತ್ತಾರೆ. ಒಂದೊಂದು ಬೇಲಿಗೂ ಒಂದೊಂದು ಬೆಲೆ. ತಂಬಾಕು ಮಂಡಳಿ ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಸುತ್ತಾ ಬಂದಿದೆ. ಹಾಗಾಗಿ ಅವನ ಮನೆಯಲ್ಲಿ ಲಾಟು ಅನ್ನೋ ಪದ ಅಷ್ಟಾಗಿ ಓಡಾಡಿಲ್ಲ. ಆದರೆ ಅವನು ಹೇಳಿದ ಬೇರೆ ಒಂದು ವಿಷಯ ಕೇಳಿದ ಮೇಲೆ ನಮಗೆ ಈ ಪದದ ಬೇರೇ ಸಿಕ್ಕಿದ ಹಾಗಾಯಿತು.

ಯುಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಅವನ ಊರಿನಲ್ಲಿ ಗುಡ್ಡೆ ಬಾಡು ಮಾಡುತ್ತಾರೆ. ನಮ್ಮ ಸೀಮೆಯ ಬಹಳ ಊರುಗಳಲ್ಲಿ ಇದು ಇದೆ, ನಿಮ್ಮ ಊರಲ್ಲೂ ಇರಬಹುದು. ಇಪ್ಪತ್ತು ಮನೆಯವರು ಸೇರಿ ದುಡ್ಡು ಹಾಕಿ ಎರಡು ಕುರಿಯೋ ಮೂರು ಕುರಿಯೋ ತರುತ್ತಾರೆ. ಬೆಳಗಿನ ಜಾವವೇ ಕೊಯ್ದು ತೋಟದಲ್ಲಿ ಟಾರ್ಪಾಲು ಹಾಸಿ ಅದರ ಮೇಲೆ ಇಪ್ಪತ್ತು ಗುಡ್ಡೆ ಹಾಕುತ್ತಾರೆ. ತಕ್ಕಡಿ ಇಲ್ಲ. ಕಣ್ಣಳತೆ. ತೊಡೆ, ಪಕ್ಕೆ, ಈಲಿ, ಬೋಟಿ, ತಲೆಮಾಂಸ, ಎಲ್ಲದರಲ್ಲೂ ಒಂದೊಂದು ಚೂರು ಎಲ್ಲ ಗುಡ್ಡೆಗೂ ಬೀಳಬೇಕು. ಹಾಕುವವನ ಕೈ ಎಷ್ಟೇ ನೇರ ಇದ್ದರೂ ಒಂದು ಗುಡ್ಡೆ ಸ್ವಲ್ಪ ದೊಡ್ಡದಾಗಿ ಕಾಣುತ್ತೆ, ಇನ್ನೊಂದರಲ್ಲಿ ಮೂಳೆ ಜಾಸ್ತಿ ಇರುತ್ತೆ. ಹಾಗಾದರೆ ಯಾರಿಗೆ ಯಾವುದು?

ಅವನ ಊರಲ್ಲಿ ಮಾಡೋದು ಹೀಗೆ. ಪ್ರತಿ ಮನೆಯವರೂ ಒಂದು ಗುರುತು ಕೊಡುತ್ತಾರೆ. ಒಬ್ಬರು ಬೇವಿನ ಕಡ್ಡಿ, ಒಬ್ಬರು ಹಂಚಿನ ಚೂರು, ಒಬ್ಬರು ಅಂಗಿ ಗುಂಡಿ, ಒಬ್ಬರು ಬೀಡಿ ತುಂಡು. ಎಲ್ಲವನ್ನೂ ಒಂದು ಟವೆಲ್ಲಿಗೆ ಹಾಕಿ, ಯಾರದ್ದು ಯಾವುದು ಅಂತ ಗೊತ್ತಿಲ್ಲದ ಒಂದು ಮಗುವಿನ ಕೈಗೆ ಕೊಡುತ್ತಾರೆ. ಮಗು ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಇಡುತ್ತಾ ಹೋಗುತ್ತೆ. ನಿಮ್ಮ ಕಡ್ಡಿ ಎಲ್ಲಿ ಬಿತ್ತೋ ಅದು ನಿಮ್ಮದು. ಆಮೇಲೆ ಮಾತಿಲ್ಲ. ಚೇರ್ಮನ್ನರಿಗೂ ಅದೇ, ಕೂಲಿಯವರಿಗೂ ಅದೇ.

ಈಗ ಇಂಗ್ಲಿಷಿನ ಕತೆ ಕೇಳಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಹ್ಲಾಟ್’ ಅಂತ ಇತ್ತು. ಅದರ ಅರ್ಥ ತುಂಬಾ ಅಲ್ಲ, ಬಹಳ ಅಲ್ಲ. ಪಾಲು ಹಂಚುವಾಗ, ಯಾರಿಗೆ ಏನು ಅಂತ ತೀರ್ಮಾನ ಮಾಡುವಾಗ ಹಾಕುತ್ತಿದ್ದ ಮರದ ತುಂಡೋ ಅಂಥದ್ದೇ ಒಂದು ಗುರುತೋ, ಅದು ಹ್ಲಾಟ್. ಅಂದರೆ ಅರಕಲಗೂಡಿನ ಬೇವಿನ ಕಡ್ಡಿ! ಅಲ್ಲಿಂದ ಆ ಪದ ಕಡ್ಡಿಯಿಂದ ಗುಡ್ಡೆಗೆ ಇಳಿಯಿತು. ಕಡ್ಡಿ ಬಿದ್ದ ಪಾಲೂ ಲಾಟ್ ಆಯಿತು. ಹಾಗೆ ಸಿಕ್ಕ ಪಾಲೇ ಬದುಕಿನ ಪಾಲು ಅನ್ನೋ ಅರ್ಥದಲ್ಲಿ ಹಣೆಬರಹಕ್ಕೂ ಲಾಟ್ ಅಂದರು. ಹರಾಜಿಗೆ ಇಟ್ಟ ಮಾಲಿನ ಗುಂಪು, ಜಮೀನಿನ ತುಂಡು ಎಲ್ಲ ಲಾಟ್ ಆದವು. ಅಮೆರಿಕದವರು ಕಾರು ನಿಲ್ಲಿಸುವ ಜಾಗಕ್ಕೆ ಪಾರ್ಕಿಂಗ್ ಲಾಟ್ ಅನ್ನೋದು ಅದಕ್ಕೇ. ದೊಡ್ಡ ಗುಂಪು, ರಾಶಿ ಅನ್ನೋದರಿಂದ ಕೊನೆಗೆ ‘ತುಂಬಾ’ ಅನ್ನೋ ಅರ್ಥ ಬಂದು ಕೂತಿತು. ನಮ್ಮ ಇಸ್ಕೂಲು ಪುಸ್ತಕ ಶುರು ಮಾಡಿದ್ದು ಈ ಕೊನೆಯ ಮೆಟ್ಟಿಲಿಂದ. ಮೆಸೇಜು ಬರೆದವರು ನಿಂತಿದ್ದು ನಡುವಿನ ಮೆಟ್ಟಿಲಲ್ಲಿ.

ಇದರಲ್ಲಿ ನಮಗೆ ಹೆಚ್ಚು ಖುಷಿ ಕೊಟ್ಟಿದ್ದು ಬೇರೆ. ಕನ್ನಡದಲ್ಲೂ ಒಂದು ಪದ ಇದೇ ದಾರಿ ನಡೆದಿದೆ. ‘ಪಾಲು.’ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು ಅನ್ನುತ್ತೇವೆ, ಅದು ಹಂಚಿಕೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಅನ್ನುತ್ತೇವೆ, ಅದು ಹಣೆಬರಹ. ‘ನನ್ನ ಪಾಲಿಗೆ ಅವನು ಸತ್ತ’ ಅನ್ನೋದೂ ಅದೇ. ‘ಬಹುಪಾಲು ಜನ ಬಂದಿದ್ದರು’ ಅಂದರೆ ಹೆಚ್ಚಿನವರು. ‘ಆ ಹಸುವಿಗಿಂತ ಈ ಹಸು ಎಷ್ಟೋ ಪಾಲು ಮೇಲು’ ಅಂದರೆ, ಇಂಗ್ಲಿಷಿನವರು ‘ಎ ಲಾಟ್ ಬೆಟರ್’ ಅಂತ ಹೇಳೋದೇ! ಪಾಲು ಹಂಚಿದವರ ಬಾಯಲ್ಲಿ ಪಾಲೇ ಪ್ರಮಾಣ ಆಗಿಬಿಡುತ್ತೆ, ಭಾಷೆ ಯಾವುದಾದರೂ. ನಮ್ಮ ಮೇಷ್ಟ್ರು ‘ಲಾಟ್ ಅಂದರೆ ತುಂಬಾ’ ಅನ್ನೋ ಬದಲು ‘ಲಾಟ್ ಅಂದರೆ ಪಾಲು’ ಅಂದಿದ್ದರೆ ಎರಡು ಸಾವಿರದ ಏಳುನೂರು ಉಳಿಯುತ್ತಿತ್ತು ಅಂತ ಚನ್ನರಾಯಪಟ್ಟಣದವನ ವಾದ. ಮೇಷ್ಟ್ರದ್ದೇನು ತಪ್ಪಿಲ್ಲ ಅಂತ ನಾವು ಮೂವರು.

ಅಲಾಟ್ಮೆಂಟು ಕೂಡ ಇದೇ ಬೇರಿನದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿಸಿಕೊಂಡವರ ಮನೆಗಳಲ್ಲಿ ಈ ಪದ ಗಾದೆಯ ಹಾಗೆ ಬಳಕೆಯಲ್ಲಿದೆ. ‘ನಮಗೆ ಅಲಾಟಾಗಿದ್ದು ಇದು’ ಅಂತ ಕಲ್ಲು ಭೂಮಿ ತೋರಿಸುವ ಮುದುಕರನ್ನು ನಾವು ಮಾತಾಡಿಸಿದ್ದೇವೆ. ಆ ಮಾತಿನಲ್ಲಿ ಹಂಚಿಕೆ ಅನ್ನೋ ಅರ್ಥವೂ ಇತ್ತು, ಹಣೆಬರಹ ಅನ್ನೋ ಅರ್ಥವೂ ಇತ್ತು. ಅವರು ಇಂಗ್ಲಿಷ್ ಕಲಿತವರಲ್ಲ.

ಲಾಟರಿ ಬಿಟ್ಟರೆ ಹೇಗೆ? ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧ ಆಯಿತು. ಅದಕ್ಕೆ ಮುಂಚೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ಟು ನೇತುಹಾಕಿಕೊಂಡು ಮಾರುತ್ತಿದ್ದರಂತೆ, ನಾವು ಕಂಡಿದ್ದು ಕಡಿಮೆ. ಟಿಕೆಟ್ಟು ಹೋದರೂ ಪದ ಉಳಿಯಿತು, ಅದೂ ಎರಡು ಉಲ್ಟಾ ಅರ್ಥದಲ್ಲಿ. ‘ಅವನಿಗೆ ಲಾಟ್ರಿ ಹೊಡೀತು’ ಅಂದರೆ ಅದೃಷ್ಟ. ‘ಅವನು ದುಡ್ಡಿಗೆ ಲಾಟ್ರಿ ಹೊಡೀತಾವ್ನೆ’ ಅಂದರೆ ಕೈಯಲ್ಲಿ ಕಾಸಿಲ್ಲ. ಒಂದು ಪ್ರತ್ಯಯ ಆಚೀಚೆ ಆದರೆ ಸಾಹುಕಾರ ಭಿಕಾರಿ. ಟಿಕೆಟ್ಟು ಕೊಂಡವರ ಅನುಭವವೇ ಈ ಎರಡನೇ ಅರ್ಥ ಹುಟ್ಟಿಸಿರಬೇಕು ಅಂತ ನಮ್ಮ ಊಹೆ. ಸರ್ಕಾರವಂತೂ ಚೀಟಿ ಎತ್ತೋದನ್ನು ಬಿಟ್ಟಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಇಬ್ಬರಿಗೂ ಸಮ ಮತ ಬಂದರೆ ಚೀಟಿ ಎತ್ತಿ ಗೆದ್ದವರನ್ನು ಘೋಷಿಸುತ್ತಾರೆ. ಆರ್‌ಟಿಇ ಸೀಟಿಗೂ ಲಾಟರಿ. ಅಲ್ಲಿ ಮಾತ್ರ ಮಗುವಿನ ಬದಲು ಕಂಪ್ಯೂಟರ್ ಕಡ್ಡಿ ಇಡುತ್ತೆ.

ಇನ್ನು ಹೊಳೆನರಸೀಪುರ. ಇದನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣ ಇದೆ. ಇದು ನಿಮಗೆ ಈ ಮುಂಗಾರಿಗೇ ಕೆಲಸಕ್ಕೆ ಬರಬಹುದು.

ನಮ್ಮಲ್ಲಿ ಹೊಳೆನರಸೀಪುರದವಳ ಮನೆಯಲ್ಲಿ ಒಂದು ವರ್ಷ ಎರಡೂವರೆ ಎಕರೆಗೆ ಹೈಬ್ರಿಡ್ ಜೋಳ ಬಿತ್ತಿದರು. ಮಳೆ ಚೆನ್ನಾಗಿತ್ತು. ಹತ್ತು ದಿನ ಆದರೂ ಹುಟ್ಟಿದ್ದು ಅಲ್ಲೊಂದು ಇಲ್ಲೊಂದು. ಅದೇ ಅಂಗಡಿಯಲ್ಲಿ ಕೊಂಡ ಇನ್ನಿಬ್ಬರದ್ದೂ ಹಾಗೇ. ಮೂವರೂ ಅಂಗಡಿಗೆ ಹೋದರು. ಅಂಗಡಿಯವನು ಕಂಪನಿಯ ಕಡೆ ಕೈ ತೋರಿಸಿದ. ಕಂಪನಿಯಿಂದ ಬಂದ ಹುಡುಗ ನೆಲದ ಮೇಲೆ, ತೇವದ ಮೇಲೆ ತಪ್ಪು ಹೊರಿಸಿದ. ಕೃಷಿ ಇಲಾಖೆಗೆ ಅರ್ಜಿ ಬರೆಯೋಣ ಅಂತ ಕೂತಾಗ ಮೊದಲ ಪ್ರಶ್ನೆ: ‘ಲಾಟ್ ನಂಬರ್ ಎಷ್ಟು?’

ಬಿತ್ತನೆ ಬೀಜದ ಚೀಲಕ್ಕೆ ಹೊಲಿದಿರುವ ಚೀಟಿ ನೋಡಿದ್ದೀರಲ್ಲ. ಪ್ರಮಾಣಿತ ಬೀಜವಾದರೆ ನೀಲಿ ಬಣ್ಣದ್ದು, ಮೂಲ ಬೀಜವಾದರೆ ಬಿಳಿ. ಕಂಪನಿಯವರೇ ಹಾಕಿದ ಲೇಬಲ್ಲಾದರೆ ತಿಳಿ ಹಸಿರು. ಅದರಲ್ಲಿ ತಳಿ, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಅವುಗಳ ಜೊತೆ ಲಾಟ್ ನಂಬರ್ ಇರುತ್ತೆ. 1966ರ ಬೀಜ ಕಾಯ್ದೆಯ ನಿಯಮದ ಪ್ರಕಾರ ಇರಲೇಬೇಕು. ನಿಮ್ಮ ಚೀಲದ ಬೀಜ ಯಾವ ರಾಶಿಯಿಂದ ತುಂಬಿದ್ದು ಅಂತ ಹೇಳೋದು ಆ ನಂಬರ್ ಒಂದೇ. ಮೂರು ಮನೆಯ ನಂಬರೂ ಒಂದೇ ಆಗಿದ್ದರೆ ತಪ್ಪು ನೆಲದ್ದಲ್ಲ, ರಾಶಿಯದ್ದು ಅಂತ ಎದೆ ತಟ್ಟಿ ಹೇಳಬಹುದು.

ಅವಳ ಅಮ್ಮ ಚೀಲವನ್ನು ಒಗೆದು ಅವರೆಕಾಯಿ ತುಂಬೋಕೆ ಇಟ್ಟಿದ್ದರು. ಚೀಟಿ ಕಿತ್ತು ಒಲೆಗೆ ಹಾಕಿ ಎಷ್ಟು ದಿನ ಆಗಿತ್ತೋ. ಬಿಲ್ಲು ಕೇಳಿದರೆ ಅಂಗಡಿಯಲ್ಲಿ ಕೊಟ್ಟಿದ್ದೇ ಬಿಳಿ ಹಾಳೆಯಲ್ಲಿ ಪೆನ್ಸಿಲ್ಲಿನ ಲೆಕ್ಕ. ಇನ್ನಿಬ್ಬರಲ್ಲಿ ಒಬ್ಬರ ಮನೆಯಲ್ಲಿ ಚೀಟಿ ಇತ್ತು, ಮಳೆಗೆ ನೆನೆದು ನಂಬರಿನ ಕೊನೆಯ ಎರಡಂಕಿ ಅಳಿಸಿತ್ತು. ಅರ್ಜಿ ಅಲ್ಲಿಗೇ ನಿಂತಿತು. ಎರಡನೇ ಸಲ ಬೀಜ ತಂದು ಬಿತ್ತಿದರು, ಆ ಹೊತ್ತಿಗೆ ಹದ ಮೀರಿತ್ತು.

ಆಗ ಅವಳು ಕಾಲೇಜಿನಲ್ಲಿದ್ದಳು. 2012ರಲ್ಲಿ ಸುಪ್ರೀಂ ಕೋರ್ಟು, ಬೀಜ ಕೊಂಡ ರೈತನೂ ಗ್ರಾಹಕನೇ, ಕೆಟ್ಟ ಬೀಜಕ್ಕೆ ಗ್ರಾಹಕರ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು ಅಂತ ಹೇಳಿದೆ ಅನ್ನೋದು ಅವಳಿಗೆ ತರಗತಿಯಲ್ಲಿ ಗೊತ್ತಾಗಿದ್ದು ಅದಾದ ಒಂದು ವರ್ಷಕ್ಕೆ. ಮನೆಗೆ ಫೋನು ಮಾಡಿ ಹೇಳಿದಳು. ‘ಚೀಟಿ ಒಲೇಲಿ ಬೆಂದೋಯ್ತಲ್ಲವ್ವ’ ಅಂದರು ಅಮ್ಮ. ಈಗ ಅವರ ಮನೆಯಲ್ಲಿ ಬೀಜದ ಚೀಲ ಬಿಚ್ಚೋಕೆ ಮುಂಚೆ ಚೀಟಿಯ ಫೋಟೋ ತೆಗೆದು ಮಗಳಿಗೆ ವಾಟ್ಸಾಪು ಮಾಡೋದು ನಿಯಮ. ಒಂದು ಹಿಡಿ ಬೀಜವನ್ನೂ ಡಬ್ಬಿಯಲ್ಲಿ ಎತ್ತಿಡುತ್ತಾರೆ. ನಿಮ್ಮ ಕೈಯಲ್ಲಿ ಈಗ ಇರುವ ಫೋನಿಗೆ ಇದಕ್ಕಿಂತ ಒಳ್ಳೆ ಕೆಲಸ ನಮಗೆ ತೋಚಿಲ್ಲ.

ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿಕೊಡುವವರು ಇದನ್ನು ಓದುತ್ತಿದ್ದರೆ ಎರಡು ಮಾತು. ‘ಎ ಲಾಟ್ ಆಫ್’ ಎಣಿಸೋಕೆ ಬರುವುದಕ್ಕೂ ಆಗುತ್ತೆ, ಬರದಿದ್ದಕ್ಕೂ ಆಗುತ್ತೆ. ಮಚ್ಚು, ಮೆನಿ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದಕ್ಕೇ ನಮಗೆಲ್ಲ ಅದರ ಮೇಲೆ ಪ್ರೀತಿ. ಆದರೆ ಕ್ರಿಯಾಪದ ನೋಡಬೇಕಾದ್ದು ಲಾಟನ್ನಲ್ಲ, ಅದರ ಹಿಂದೆ ಬರುವ ನಾಮಪದವನ್ನು. ನೀರಾದರೆ ‘ಎ ಲಾಟ್ ಆಫ್ ವಾಟರ್ ಈಸ್’, ಜನರಾದರೆ ‘ಎ ಲಾಟ್ ಆಫ್ ಪೀಪಲ್ ಆರ್’. ಮೊದಲಿನ ‘ಎ’ಯನ್ನು ನಾವೆಲ್ಲ ನುಂಗಿ ‘ಲಾಟ್ ಆಫ್ ಪೀಪಲ್’ ಅನ್ನುತ್ತೇವೆ. ಮಾತಿನಲ್ಲಿ ನಡೆಯುತ್ತೆ, ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುತ್ತೆ. ‘ಎ’ಯನ್ನೂ ‘ಲಾಟ್’ಅನ್ನೂ ಅಂಟಿಸಿ ಒಂದೇ ಪದ ಮಾಡಿ ಬರೆಯೋದೂ ತಪ್ಪು, ಅದನ್ನು ಇಂಗ್ಲಿಷರ ಮಕ್ಕಳೂ ಮಾಡುತ್ತಾರಂತೆ, ಸಮಾಧಾನ.

ನಮ್ಮ ಕಸುಬಿನಲ್ಲಿ ಮಾತ್ರ ಈ ಪದಕ್ಕೆ ಜಾಗ ಇಲ್ಲ. ಮೊದಲ ಕೆಲಸದ ಮೊದಲ ವಾರ ‘ಸಂತೆಗೆ ಬಹಳಷ್ಟು ಜಾನುವಾರು ಬಂದಿದ್ದವು’ ಅಂತ ಬರೆದು ಕೊಟ್ಟಾಗ ಹಿರಿಯರೊಬ್ಬರು ಹಾಳೆ ವಾಪಸು ತಳ್ಳಿ ‘ಬಹಳಷ್ಟು ಅಂದ್ರೆ ಎಷ್ಟು? ಹೋಗಿ ಎಣಿಸ್ಕೊಂಡ್ ಬನ್ನಿ’ ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಬಿಸಿಲಲ್ಲಿ ನಿಂತು ಹಗ್ಗ ಹಗ್ಗ ಎಣಿಸಿದೆವು.

ಹಾಂ, ಚನ್ನರಾಯಪಟ್ಟಣದ ಅಪ್ಪ. ಅವರು ಈಗಲೂ ಹುಳ ಸಾಕುತ್ತಾರೆ. ಮೆಸೇಜು ಬಂದರೆ ಸ್ಕ್ರೀನ್‌ಶಾಟ್ ತೆಗೆಯೋದನ್ನು ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ಮಗ ಬೆಂಗಳೂರಿನಲ್ಲಿದ್ದರೂ ಮೊದಲು ಅವನಿಗೇ ಕಳಿಸುತ್ತಾರೆ, ಮರುಕ್ಷಣವೇ ಫೋನು. ಅವನು ಹಲೋ ಅನ್ನೋದಕ್ಕೂ ಬಿಡಲ್ಲ.

‘ಲಾಟು ಬುಟ್ಟು ಓದ್ಲಾ, ಆಮೇಲಿಂದು ಹೇಳು.’